ಅಮ್ಮನ ಪಿಂಚಣಿ ಯಾವ ಡಬ್ಬಿಯಲ್ಲಿದೆ

ಅಮ್ಮ ಗಡಿಯಾಚೆ ತಮಿಳು ಸೀಮೆಯ ಮತ್ತಿಗಿರಿ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ಟೀಚರ್. ಬರುವ ಮೇ ತಿಂಗಳಿಗೆ ನಿವೃತ್ತಿ. ಕೆಲಸಕ್ಕೆ ಸೇರಿದಂದಿನಿಂದ ಅವಳ ಸಂಬಳದ ಒಂದು ಪಾಲನ್ನು ಪಿಂಚಣಿಗೆಂದು ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ಬರುವ ಲೆಕ್ಕದ ಚೀಟಿಯನ್ನು ಅವಳು ಲ್ಯಾಮಿನೇಟ್ ಮಾಡಿಸಿ, ಬ್ಯಾಂಕಿನ ಠೇವಣಿ ರಸೀದಿಗಳ ಜೊತೆ ಬೀರುವಿನಲ್ಲಿ ಇಡುತ್ತಿದ್ದಳು. ಎರಡೂ ಒಂದೇ ಎಂದುಕೊಂಡಿದ್ದಳು.

ಒಂದೇ ಅಲ್ಲ ಎಂದವಳು ನಾನು. ಎಂ.ಕಾಂ. ಮುಗಿಸಿ ಮೂಕಂಡಪಲ್ಲಿಯ ಒಂದು ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿದ್ದೇನೆ. ಅಲ್ಲಿ ಕಾರ್ಮಿಕರಿಂದ ಹಿಡಿದ ಪಿ.ಎಫ್. ಹಣವನ್ನು ಗಡುವಿನೊಳಗೆ ಹೊರಗಿನ ಭವಿಷ್ಯನಿಧಿ ಕಚೇರಿಗೆ ಕಟ್ಟದಿದ್ದರೆ ಮಾಲೀಕರಿಗೆ ದಂಡ. ರಾಜ್ಯದ ಬಜೆಟ್ ಪುಸ್ತಕ ಬಿಚ್ಚಿ ನೋಡಿದರೆ, ಅಮ್ಮನಂಥವರ ಹಣ ಸರ್ಕಾರದ ಲೆಕ್ಕದೊಳಗೇ ಜಮೆಯಾಗಿತ್ತು. ಕಾಗದದ ಮೇಲೆ ಅದು ಸರ್ಕಾರ ಕೊಡಬೇಕಾದ ಬಾಕಿ. ಆದರೆ ಬೇರೆಯಾಗಿ ಹೂಡದಿದ್ದರೆ ಸರ್ಕಾರದ ಆ ವರ್ಷದ ಖರ್ಚಿನ ಕೊರತೆ ತುಂಬಲು ಅದೂ ಒದಗುತ್ತದೆ. ಹೊರಗೆ ಅಷ್ಟು ಕಡಿಮೆ ಸಾಲ ಎತ್ತಿದರೆ ಸಾಕು.

ಅಮ್ಮ ಕೇಳಿದ್ದು ಇಷ್ಟೇ. "ಅಂಗಾದ್ರೆ ದುಡ್ಡು ಎಲ್ಲೈತೆ?"

"ಗೊತ್ತಿಲ್ಲಮ್ಮ. ಕೇಳ್ಬೇಕು."

ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಕೊಡಲು ಇಬ್ಬರೂ ಕೃಷ್ಣಗಿರಿಯ ಜಿಲ್ಲಾ ಶಿಕ್ಷಣ ಕಚೇರಿಗೆ ಹೋದೆವು. ಗುಮಾಸ್ತರು ತಮಿಳಿನಲ್ಲಿ ಶುರುಮಾಡಿ, ಅಮ್ಮನ ಮಾತು ಕೇಳಿ ಕನ್ನಡಕ್ಕೆ ಹೊರಳಿದರು.

"ಗೌರ್ಮೆಂಟೇನು ಗಂಟು ಕಟ್ಕೊಂಡು ಓಡೋಗ್ತದಾ ಟೀಚರಮ್ಮ? ಮಗಳು ಜಾಸ್ತಿ ಓದ್ಬುಟ್ಟವ್ಳೆ."

ಸಾಲಿನಲ್ಲಿದ್ದವರು ನಕ್ಕರು. ಆದರೂ, "ಎಲ್ಲಿ ಹೂಡಿದ್ದೀರಿ ಅಂತ ಬರೆದು ಕೊಡಿ" ಎಂದೆ.

ಅವರು ದನಿ ತಗ್ಗಿಸಿದರು. "ಮೇ ತಿಂಗ್ಳಿಗೆ ರಿಟೈರು. ಈಗ ಇದನ್ನ ಕೊಟ್ರೆ ನಿಮ್ ಪೆನ್ಷನ್ ಫೈಲೇ ನಿಂತೋಗ್ತದೆ. ಯೋಚ್ನೆ ಮಾಡಿ."

ಫೈಲು ನಿಂತರೆ ಜೂನ್‌ನಿಂದ ಮನೆ ನನ್ನೊಬ್ಬಳ ಸಂಬಳದಲ್ಲಿ ನಡೆಯಬೇಕು. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲು ನನ್ನ ಕೈ ಮುಂದಾಗಿತ್ತು.

ಅಮ್ಮ ಅದರ ಮೇಲೆ ಅಂಗೈ ಊರಿದಳು. ಶಾಲೆಯಲ್ಲಿ ಮಕ್ಕಳ ಉಳಿತಾಯದ ಡಬ್ಬಿ ಅವಳ ಜವಾಬ್ದಾರಿ. ಒಮ್ಮೆ ಸ್ವಾತಂತ್ರ್ಯ ದಿನದ ಮಿಠಾಯಿಗೆ ದುಡ್ಡು ಸಾಲದೆ ಹೆಡ್‌ಮಾಸ್ಟರು, "ಡಬ್ಬೀಲಿ ತೆಗೀರಿ, ಸೋಮವಾರ ಹಾಕೋಣ" ಎಂದಾಗ ಬೀಗದ ಕೈಯನ್ನು ಸೆರಗಿಗೆ ಗಂಟುಹಾಕಿಕೊಂಡು ಪಾಠಕ್ಕೆ ಹೋಗಿದ್ದವಳು ಅವಳು.

"ಮಕ್ಕಳ ದುಡ್ನಾಗೆ ಒಂದು ಚಾಕ್‌ಪೀಸ್ ತಗೊಂಡೋಳಲ್ಲ ನಾನು. ಯಾರ್ ಕೇಳಿದ್ರೂ ಡಬ್ಬಿ ತೆಗ್ದು ತೋರಿಸ್ತೀನಿ. ನೀವೂ ತೋರಿಸಿ. ಫೈಲು ನಿಂತ್ರೆ ನಿಲ್ಲಲಿ, ಸೀಲು ಒತ್ತಿ."

ಈ ಸಲ ಯಾರೂ ನಗಲಿಲ್ಲ. ಸೀಲು ಬಿತ್ತು.

ಉತ್ತರ ಇನ್ನೂ ಬಂದಿಲ್ಲ; ಬರದಿದ್ದರೆ ಮೇಲ್ಮನವಿ ಹಾಕಬೇಕು. ಸೀಲು ಬಿದ್ದ ಅರ್ಜಿಯ ಪ್ರತಿಯನ್ನು ಅಮ್ಮ ಲ್ಯಾಮಿನೇಟ್ ಮಾಡಿಸಲಿಲ್ಲ. ಮೇಲ್ಮನವಿಗೆ ಸೇರಿಸುವಾಗ ಪಿನ್ ಚುಚ್ಚಬೇಕಲ್ಲ.