ಪಿಕಪ್ಪಿನ ಸೊಂಟಕ್ಕೆ ಹಾಕಿಸಿದ ಪ್ಲೇಟು

ನರಸಿಂಹರಾಜಪುರದಲ್ಲಿ ಮದುವೆಗೆ ಶಾಮಿಯಾನ, ಕುರ್ಚಿ, ಅಡಿಗೆ ಪಾತ್ರೆ ಬೇಕೆಂದರೆ ಜನ ವೀರೇಶನ ಅಂಗಡಿಗೆ ಹೋಗುತ್ತಾರೆ. ಬೋರ್ಡಿನ ಮೇಲೆ ವೀರೇಶನ ಹೆಸರಿದೆ, ಪಕ್ಕದಲ್ಲಿ ಕೈಮುಗಿದ ಅವನ ಫೋಟೋ ಇದೆ. ಪಾತ್ರೆ ಬಾಡಿಗೆಗೆ ಕೊಡುವುದು ವೀರೇಶನ ಉದ್ಯೋಗ. ವಾಪಸು ಬಂದ ಪಾತ್ರೆ ತೊಳೆಯುವುದು ಉದ್ಯೋಗವಲ್ಲ, ಅದು ಅವನ ಹೆಂಡತಿ ಗಂಗಾಂಬಿಕೆಯ ಸ್ವಭಾವ ಎಂದು ಮನೆಯವರೆಲ್ಲ ತಿಳಿದಿದ್ದರು. ಹಾಗಾಗಿ ಬೋರ್ಡಿನಲ್ಲಿ ಅದಕ್ಕೆ ಜಾಗ ಬೇಕಾಗಿರಲಿಲ್ಲ.

ಬಾಳೆಹೊನ್ನೂರಿನ ಕಡೆಯಿಂದ ಅವಳು ಮದುವೆಯಾಗಿ ಬಂದಾಗ ಅಂಗಡಿಯಲ್ಲಿದ್ದದ್ದು ಒಂದಿಷ್ಟು ಜಮಖಾನ, ಪೆಟ್ರೋಮ್ಯಾಕ್ಸ್ ದೀಪಗಳು ಮತ್ತು ಮಾವನ ಕಾಲದ ತಾಮ್ರದ ಕೊಪ್ಪರಿಗೆಗಳು. ವ್ಯಾಪಾರ ಬೆಳೆಯಿತು. ಊಟಕ್ಕೆ ಕೂರುವ ಜನ ಹೆಚ್ಚಿದ ಹಾಗೆ ಕೊಪ್ಪರಿಗೆಯ ಹೊಟ್ಟೆಯೂ ದೊಡ್ಡದಾಯಿತು. ಹಿತ್ತಿಲ ನಲ್ಲಿ ಮಾತ್ರ ಬೆಳೆಯಲಿಲ್ಲ, ಮೊಣಕಾಲೆತ್ತರದಲ್ಲೇ ಉಳಿಯಿತು. ಅದರ ಕೆಳಗೆ ಗಂಗಾಂಬಿಕೆ ಸೊಂಟ ಮಡಚಿ, ಅರ್ಧ ದೇಹವನ್ನು ಕೊಪ್ಪರಿಗೆಯೊಳಗೆ ಇಳಿಬಿಟ್ಟು, ತೆಂಗಿನ ನಾರು ಬೂದಿ ಹಿಡಿದು ತಿಕ್ಕುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಕೊಪ್ಪರಿಗೆಗೇ ಸೀರೆ ಉಡಿಸಿದ ಹಾಗೆ ಕಾಣುತ್ತಿತ್ತು.

ಸೌದೆ ಒಲೆಗೆ ಏರಿಸುವ ಮುಂಚೆ ಪಾತ್ರೆಯ ತಳಕ್ಕೆ ಹಸಿ ಮಣ್ಣು ಸವರಿದರೆ, ತೊಳೆಯುವಾಗ ಮಸಿ ಮಣ್ಣಿನ ಜೊತೆಗೇ ಕಳಚಿ ಬರುತ್ತದೆ. ಮನೆಯಲ್ಲಿ ಅಡಿಗೆ ಮಾಡುವ ಎಲ್ಲ ಹೆಂಗಸರಿಗೂ ಇದು ಗೊತ್ತು. ಮದುವೆಯ ಅಡಿಗೆ ಮಾಡುವ ಗಂಡಸರಿಗೂ ಗೊತ್ತು. ಆದರೆ ಅವರದ್ದು ಸಾರಿನ ಹದ ನೋಡುವ ಕೈ, ಮಣ್ಣು ಮುಟ್ಟಿಸಬಾರದು.

ನಿಂತುಕೊಂಡು ತೊಳೆಯುವ ಹಾಗೆ ಸೊಂಟದೆತ್ತರಕ್ಕೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೊಂದು ನಲ್ಲಿ. ಇಷ್ಟನ್ನು ಅವಳು ವರ್ಷವರ್ಷವೂ ಕೇಳುತ್ತಿದ್ದಳು.

"ಮಾಡ್ಸಣ ಮಾರಾಯ್ತಿ, ಈ ಸೀಜನ್ ಮುಗೀಲಿ" ಎನ್ನುತ್ತಿದ್ದ ವೀರೇಶ.

ಸೀಜನ್ ಮುಗಿದರೆ ಮಳೆ ಹಿಡಿಯುತ್ತಿತ್ತು. "ಈ ಮಳೇಲಿ ಸಿಮೆಂಟ್ ನಿಲ್ತದಾ?" ಮಳೆ ಬಿಟ್ಟರೆ ಹಬ್ಬ, ಹಬ್ಬ ಮುಗಿದರೆ ಮತ್ತೆ ಸೀಜನ್. ಅವನು ಎಂದೂ ಇಲ್ಲ ಎಂದವನಲ್ಲ. ಅಂಥ ಒಳ್ಳೆಯ ಗಂಡ.

ಎರಡು ಸಾವಿರದ ಆರರಲ್ಲಿ ವೀರೇಶ ಎರಡು ಚಕ್ರದ ಮೇಲೆ ಕೂತ ಒಂದು ಜನರೇಟರ್ ತಂದ. ಅದನ್ನು ತನ್ನ ಸೆಕೆಂಡ್ ಹ್ಯಾಂಡ್ ಪಿಕಪ್ಪಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಮೊದಲ ಬಾಡಿಗೆ ಕೆರೆಕಟ್ಟೆಯ ಮದುವೆ. ಒಳಗೆ ಪಾತ್ರೆ, ಕುರ್ಚಿ, ಹಿಂದೆ ಜನರೇಟರ್. ಶೃಂಗೇರಿ ದಾಟಿ ಏರು ಸಿಕ್ಕಿದ್ದೇ ಪಿಕಪ್ಪಿನ ಹಿಂಭಾಗ ಕುಸಿದು ಕೂತಿತು, ಮೂತಿ ಮೇಲೆದ್ದಿತು. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿಯ ಮಂಗಗಳಿಗೆ ಬೆಳಕು ಕೊಟ್ಟಿತು.

ಮನೆಗೆ ಬಂದ ವೀರೇಶ ಊಟ ಮುಟ್ಟಲಿಲ್ಲ. "ಗಾಡಿ ಸೊಂಟ ಬಿದ್ದೋಯ್ತು" ಎಂದ, ಹತ್ತಿರದವರು ಯಾರೋ ಹೋದ ಹಾಗೆ.

ಅದೇ ವಾರ ಗಂಗಾಂಬಿಕೆ ನಲ್ಲಿಯ ಹತ್ತಿರ ಬಗ್ಗಿದವಳು ಮೇಲೇಳಲಾರದೆ ನಿಂತುಬಿಟ್ಟಿದ್ದಳು. ಪಾತ್ರೆ ತೊಳೆಯಲು ಜೊತೆಗೆ ಬರುತ್ತಿದ್ದ ಗಿರಿಯಮ್ಮ ಹಿಡಿದೆತ್ತಿ ಕೂರಿಸಬೇಕಾಯಿತು. "ಗ್ಯಾಸ್ ಇರ್ಬೇಕು. ಜೀರಿಗೆ ಕಷಾಯ ಕುಡಿ" ಎಂದಿದ್ದ ವೀರೇಶ. ಕಷಾಯ ಕಾಯಿಸಿಕೊಂಡವಳೂ ಅವಳೇ.

ಪಿಕಪ್ಪಿಗೆ ಕಷಾಯ ಹೇಳಲಿಲ್ಲ. ಬೆಳಗಾಗುತ್ತಲೇ ಕೊಪ್ಪದ ಬೂತಪ್ಪನ ಗ್ಯಾರೇಜಿಗೆ ಹೊರಟಿತು. ಕೊಪ್ಪದ ಡಾಕ್ಟರಿಗೆ ಬೆನ್ನು ತೋರಿಸಬೇಕೆಂದು ಗಂಗಾಂಬಿಕೆಯೂ ಹತ್ತಿದಳು. ಹೇಗೂ ಗಾಡಿ ಹೋಗುತ್ತಿತ್ತಲ್ಲ. ಡಾಕ್ಟರು ಊರಲ್ಲಿರಲಿಲ್ಲ. ಅವಳು ಗ್ಯಾರೇಜಿಗೇ ಬಂದು ಹಳೆ ಟೈರಿನ ಮೇಲೆ ಕೂತಳು.

ಬೂತಪ್ಪ ಟಾರ್ಚ್ ಹಿಡಿದು ಗಾಡಿಯ ಅಡಿ ಮಲಗಿದ್ದ. "ಯಾವಾಗಿಂದ ಹೀಂಗೆ? ಭಾರ ಇದ್ದಾಗ ಮಾತ್ರನಾ, ಖಾಲಿ ಇದ್ದಾಗ್ಲೂ ಉಂಟಾ? ತಿರುವಲ್ಲಿ ಸದ್ದು ಬರ್ತದಾ? ಎಡಗಡೆ ಜಾಸ್ತಿಯಾ, ಬಲಗಡೆಯಾ?" ವೀರೇಶ ಒಂದೊಂದಕ್ಕೂ ನೆನಪು ಮಾಡಿಕೊಂಡು ಉತ್ತರ ಕೊಟ್ಟ. ತನ್ನ ಬೆನ್ನಿನ ಬಗ್ಗೆ ಇವುಗಳಲ್ಲಿ ಒಂದು ಪ್ರಶ್ನೆಯನ್ನಾದರೂ ಯಾರಾದರೂ ಕೇಳಿದ್ದು ಗಂಗಾಂಬಿಕೆಗೆ ನೆನಪಾಗಲಿಲ್ಲ.

"ಇದ್ರ ತಪ್ಪಲ್ಲ ವೀರೇಶಣ್ಣ" ಎಂದು ಬೂತಪ್ಪ ಹೊರಗೆ ತೆವಳಿ ಬಂದ. "ಪಾಪ, ಹೊತ್ತು ಹೊತ್ತು ಸೋತಿದೆ. ಹಿಂದಿನ ಅಚ್ಚಿನ ಮೇಲೆ ಬಾಗಿದ ಪ್ಲೇಟ್ ಇದಾವಲ್ಲ, ಅವೇ ಭಾರ ತಡೆಯೋದು. ಎಲ್ಲ ಚಪ್ಪಟೆ ಆಗಿದಾವೆ. ಬಿಚ್ಚಿ, ಹಳೇದನ್ನ ಮತ್ತೆ ಬಾಗ್ಸಿ, ಎರಡೂ ಕಡೆಗೆ ಒಂದೊಂದು ಹೊಸದು ಸೇರ್ಸಣ."

"ಒಂದು ಸಾಕಾ? ಎರಡೆರಡು ಹಾಕು."

"ಹೆಚ್ಚಾಯ್ತದೆ ಮಾರಾಯ್ರೆ. ಭಾರ ಇದ್ದಾಗ ರಾಜನ ಹಂಗೆ ಹೋಯ್ತದೆ, ಖಾಲಿ ಇದ್ದಾಗ ಕಪ್ಪೆ ಹಂಗೆ ಹಾರ್ತದೆ."

"ಹಾಕು ಅಂದ್ನಲ್ಲ. ಗಾಡಿ ವಿಷಯದಲ್ಲಿ ಜುಗ್ಗತನ ಮಾಡ್ಬಾರ್ದು."

"ಬೂತಪ್ಪಣ್ಣ" ಎಂದಳು ಗಂಗಾಂಬಿಕೆ ಟೈರಿನ ಮೇಲಿಂದ. "ನಮ್ಮನೆ ಹಿತ್ಲಲ್ಲಿ ಇನ್ನೊಂದು ಹಳೇ ಗಾಡಿ ಉಂಟು. ಅದಕ್ಕೂ ಒಂದು ಪ್ಲೇಟ್ ಹಾಕ್ಬಹುದಾ?"

"ಯಾವ ಮಾಡೆಲ್ ಅಕ್ಕ?"

"ಎಪ್ಪತ್ತನೇ ಇಸವಿದು."

ವೀರೇಶ ತಲೆ ಕೆರೆದುಕೊಂಡ. "ನಮ್ಮನೇಲಿ ಎಲ್ಲಿದೆ ಮಾರಾಯ್ತಿ ಅಂಥ ಗಾಡಿ?"

ಬೂತಪ್ಪ ಮಾತ್ರ ಸ್ಪ್ಯಾನರ್ ಹುಡುಕುವ ನೆವದಲ್ಲಿ ಆ ಕಡೆ ಮುಖ ತಿರುಗಿಸಿದ.

ಪ್ಲೇಟು ಕೂತ ಮೇಲೆ ಗಾಡಿಗೆ ವಿಭೂತಿ ಬಳಿದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಾರನೇ ದಿನ ಬಾಡಿಗೆ ಇದ್ದರೂ ವೀರೇಶ ಬೇರೆಯವರ ಗಾಡಿ ಕಳಿಸಿದ. "ಹೊಸ ಪ್ಲೇಟು. ಒಂದಿನ ರೆಸ್ಟ್ ಕೊಡ್ಬೇಕು." ಆ ಬಾಡಿಗೆಯ ಪಾತ್ರೆಗಳು ಸಂಜೆ ವಾಪಸು ಬಂದಾಗ ರೆಸ್ಟಿನಲ್ಲಿದ್ದ ಗಾಡಿಯನ್ನು ಸುತ್ತಿ ಹಿತ್ತಿಲಿಗೆ ಹೋದವು.

ಜನರೇಟರ್ ಈಗ ಎಂಥ ಏರಿನಲ್ಲೂ ಹಿಂದೆಯೇ ಬಂತು. ಬಾಲ ಕುಸಿಯಲಿಲ್ಲ. ಆದರೆ ಮದುವೆ ಎಂದರೆ ಒಂದು ದಿನದ್ದಲ್ಲ. ಸಾಮಾನು, ಜನರೇಟರ್ ಎಲ್ಲ ಅಲ್ಲೇ ಇಳಿಸಿ ಗಾಡಿ ಖಾಲಿ ವಾಪಸಾಗಬೇಕು. ವೀರೇಶ ಲೆಕ್ಕ ಹಾಕಿದ್ದು ಹೋಗುವುದನ್ನು ಮಾತ್ರ. ಖಾಲಿ ಪಿಕಪ್ಪಿನ ಹಿಂದಿನ ಚಕ್ರಗಳು ಸೌಜನ್ಯಕ್ಕೆಂಬಂತೆ ಆಗಾಗ ರಸ್ತೆಯನ್ನು ಮುಟ್ಟುತ್ತಿದ್ದವು. ಹರಿಹರಪುರದ ಹತ್ತಿರ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರಿ ಚರಂಡಿಯ ಅಂಚಿಗೆ ಹೋಗಿ ನಿಂತಿತು.

ಬೂತಪ್ಪ ಫೋನಿನಲ್ಲಿ ಹೇಳಿದ, "ಒಂದೊಂದು ಪ್ಲೇಟ್ ತೆಗೀರಿ. ಇಲ್ಲ ಅಂದ್ರೆ ಖಾಲಿ ಬರುವಾಗ ಹಿಂದೆ ಏನಾದ್ರೂ ಭಾರ ಹಾಕ್ಕೊಳ್ಳಿ."

ತೆಗೆಸುವ ಮಾತೇ ಇರಲಿಲ್ಲ. ಪ್ಲೇಟಿನ ವಿಷಯವನ್ನು ವೀರೇಶ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿ ಆಗಿತ್ತು. ಮರ್ಯಾದೆ ಪ್ರಶ್ನೆ. ಆದ್ದರಿಂದ ಭಾರ ಹುಡುಕಿದ. ಮನೆಯಲ್ಲೇ ಸಿಕ್ಕಿತು.

"ನೀನೂ ಗಿರಿಯಮ್ಮನೂ ಬನ್ನಿ. ವಾಪಸ್ ಬರುವಾಗ ಹಿಂದೆ ಕೂತ್ಕಳಿ. ಹೇಗೂ ಮನೇಲಿ ಸುಮ್ನೆ ಇರ್ತೀರಲ್ಲ."

ಸುಮ್ಮನೆ ಇದ್ದ ಇಬ್ಬರು ಹೆಂಗಸರು ಅರ್ಧ ತೊಳೆದ ಪಾತ್ರೆ ಬಿಟ್ಟು ಶೃಂಗೇರಿಗೆ ಹೋಗಿಬಂದರು. ಬರುವಾಗ ಟಾರ್ಪಾಲಿನ ಮೇಲೆ, ಸರಿಯಾಗಿ ಹಿಂದಿನ ಅಚ್ಚಿನ ಮೇಲಕ್ಕೆ ಬರುವಂತೆ, ವೀರೇಶ ಗೆರೆ ಎಳೆದು ತೋರಿಸಿದಲ್ಲಿ ಕೂತರು.

"ಗಂಗಕ್ಕ" ಎಂದಳು ಗಿರಿಯಮ್ಮ, ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ನಡುವೆ. "ಬಸ್ಸಲ್ಲಿ ಹೋದ್ರೆ ನಾವು ಪ್ಯಾಸೆಂಜರು. ಇದ್ರಲ್ಲಿ ಲೋಡು."

"ಲೋಡಿಗಾದ್ರೆ ಹಗ್ಗ ಕಟ್ತಾರೆ ಕಣೇ."

ಗಾಡಿಯ ಸೊಂಟ ಉಳಿಯಿತು. ಗಂಗಾಂಬಿಕೆ ಗೋಡೆ ಹಿಡಿದು ಒಳಗೆ ಹೋದಳು. ಈ ಸಲ ಕೊಪ್ಪದ ಡಾಕ್ಟರು ಸಿಕ್ಕಿದರು. ಬಗ್ಗಿ ಎತ್ತುವ ಕೆಲಸ ಇನ್ನೊಂದು ಸೀಜನ್ ಮಾಡಿದರೆ ಮುಂದೆ ಬೆನ್ನು ನೆಟ್ಟಗಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ವೀರೇಶ ಕೇಳಿಸಿಕೊಂಡ. ದಾರಿಯಲ್ಲಿ ಗಾಡಿ ನಿಲ್ಲಿಸಿ ಅವಳಿಗೆ ಎಳನೀರು ಕೊಡಿಸಿದ. ಕಟ್ಟೆಯ ಮಾತು ಅವಳೆತ್ತಿದಾಗ, "ಈ ಸೀಜನ್ ಒಂದು ಮುಗೀಲಿ" ಎಂದ.

ಸೀಜನ್ ಶುರುವಾಗುವುದಕ್ಕೆ ಇನ್ನೂ ಸಮಯವಿತ್ತು. ಮಾರನೇ ಬೆಳಿಗ್ಗೆ ಕಡುಬು ಬಡಿಸುತ್ತ ಗಂಗಾಂಬಿಕೆ ಹೇಳಿದಳು, "ರೀ, ನಾವಿಬ್ರು ಕೂತ್ರೆ ಗಾಡಿಗೆ ಭಾರ ಸಾಲಲ್ಲ ಅನ್ಸುತ್ತೆ. ಗಿರಿಯಮ್ಮ ಅಂತೂ ಒಣ ಕಡ್ಡಿ. ಹಾರಿ ಹಾರಿ ಪ್ಲೇಟ್ ಮುರಿದ್ರೆ ಏನ್ಮಾಡ್ತೀರಿ?"

ವೀರೇಶನ ಕೈಯಲ್ಲಿದ್ದ ಕಡುಬು ಅಲ್ಲೇ ನಿಂತಿತು. "ಮುರೀತದಾ?"

"ನಂಗೇನು ಗೊತ್ತು. ಕಲ್ಲು ಹಾಕಿದ್ರೆ ಹೆಂಗೆ?"

"ಎಂಥ ಕಲ್ಲು?"

"ಚಪ್ಪಡಿ. ದಪ್ಪ ಇರ್ಲಿ, ಅಗಲ ಇರ್ಲಿ, ಅಲುಗಾಡದೆ ಕೂರತ್ತೆ. ಮೇಲ್ಮೈ ನಯ ಇರ್ಲಿ, ಗಾಡಿ ಪೇಂಟ್ ಕೆರೀಬಾರ್ದಲ್ಲ. ಜೊತೆಗೆ ನಾಲ್ಕು ಗಿಡ್ಡ ಕಂಬದ ಕಲ್ಲು. ಮೂಲೆಗೊಂದು ಕೊಟ್ರೆ ಜಾರಲ್ಲ."

ಕಟ್ಟೆಗೆಂದು ಇಷ್ಟು ವರ್ಷ ಸಿಗದ ಕಲ್ಲು ಗಾಡಿಗೆಂದು ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತು. ವೀರೇಶ ತಾನೇ ಹೋಗಿ, ಕೈಯಾಡಿಸಿ ಆರಿಸಿ, ಅಂಚು ತಟ್ಟಿಸಿ ತಂದ. ಹೋಟೆಲಿನಲ್ಲಿ ಅದನ್ನೂ ಹೇಳಿದ. ಆಲೋಚನೆ ತನ್ನದೇ ಎಂದ. ಗಂಗಾಂಬಿಕೆ ಅದಕ್ಕೆ ತಕರಾರು ಮಾಡಲಿಲ್ಲ. ತನ್ನ ಆಲೋಚನೆಯನ್ನು ಅವನು ಮೊದಲ ಸಲ ಕೆಳಗೆ ಬೀಳದ ಹಾಗೆ ಹೊತ್ತು ತಿರುಗುತ್ತಿದ್ದ.

ಕಲ್ಲು ಕೆಲವು ಸಲ ಖಾಲಿ ಗಾಡಿಯಲ್ಲಿ ಓಡಾಡಿತು. ಮಾಘದಲ್ಲಿ ಸೀಜನ್ ಹತ್ತಿಕೊಂಡಿತು. ಒಂದು ಮದುವೆಯ ಸಾಮಾನು ಇಳಿಯುವ ಮುಂಚೆ ಇನ್ನೊಂದರದ್ದು ಏರುತ್ತಿತ್ತು, ಗಾಡಿ ಖಾಲಿ ಬರುವುದೇ ನಿಂತಿತು. ಕಲ್ಲು ಇಳಿಸಬೇಕಾಯಿತು.

"ಅಂಗಡಿ ಮುಂದೆ ಬೇಡ, ಯಾರಾದ್ರೂ ಹೊತ್ಕೊಂಡ್ಹೋಗ್ತಾರೆ" ಎಂದಳು ಗಂಗಾಂಬಿಕೆ. "ಹಿತ್ಲಿಗೆ ಹಾಕ್ಸಿ. ನಲ್ಲಿ ಹತ್ರ ಜಾಗ ಉಂಟು."

ಶಾಮಿಯಾನದ ಆಳುಗಳು ಏದುಸಿರು ಬಿಡುತ್ತ ಹೊತ್ತು ಹಾಕಿದರು. ಎರಡು ದಿನ ಬಿಟ್ಟು ಅವಳು ಮತ್ತೆ ಹೇಳಿದಳು, "ಗಾಡಿ ಕಲ್ಲು ಕೆಸರಲ್ಲಿ ಓರೆಯಾಗಿ ಬಿದ್ದಿದೆ. ಬಿರುಕು ಬಿಟ್ರೆ ಕಷ್ಟ. ತಿಮ್ಮಣ್ಣಂಗೆ ಹೇಳಿ ನೆಟ್ಟಗೆ ಇಡ್ಸ್ಲಾ?"

ಫೋನ್ ಕಿವಿಗಿಟ್ಟುಕೊಂಡು ಜಯಪುರದ ಪಾರ್ಟಿಯ ಜೊತೆ ಮಾತಾಡುತ್ತಿದ್ದ ವೀರೇಶ ಕೈಬೀಸಿದ. "ಇಡ್ಸು, ಇಡ್ಸು. ಹಾಳಾಗ್ಬಾರ್ದು."

ಗಾರೆ ಕೆಲಸದ ತಿಮ್ಮಣ್ಣ ಬಂದ. ಗಂಗಾಂಬಿಕೆ ಕಷ್ಟಪಟ್ಟು ಪೂರ್ತಿ ನೆಟ್ಟಗೆ ನಿಂತು, ಸೊಂಟದ ಹತ್ತಿರ ಅಂಗೈ ಅಡ್ಡ ಹಿಡಿದು ತೋರಿಸಿದಳು. "ಇಲ್ಲಿಗೆ ಬರ್ಬೇಕು."

"ಕಲ್ಲು ಸುಮ್ನೆ ಇಡಕ್ಕೆ ಇಷ್ಟೆತ್ತರ ಯಾಕಕ್ಕ?"

"ಗೆದ್ದಲು ಹತ್ತಬಾರ್ದು."

ತಿಮ್ಮಣ್ಣ ಕಲ್ಲನ್ನು ನೋಡಿದ, ಅವಳನ್ನು ನೋಡಿದ, ಪಕ್ಕದಲ್ಲಿ ರಾಶಿ ಬಿದ್ದಿದ್ದ ಮಸಿ ಪಾತ್ರೆಗಳನ್ನು ನೋಡಿದ. "ಹೌದು, ಈ ಕಡೆ ಗೆದ್ದಲು ಜಾಸ್ತಿ" ಎಂದು ಸಿಮೆಂಟ್ ಕಲಸಲು ಕೂತ. ನಲ್ಲಿಯ ಪೈಪು ಕಲ್ಲಿಗೆ ಅಡ್ಡ ಬರುತ್ತಿತ್ತು. ಅದನ್ನೂ ಎತ್ತರಿಸಬೇಕಾಯಿತು.

ಆ ಸೀಜನ್ನಿನ ಕೊಪ್ಪರಿಗೆಗಳನ್ನೆಲ್ಲ ಗಂಗಾಂಬಿಕೆ, ಗಿರಿಯಮ್ಮ ನಿಂತು ತೊಳೆದರು. ನೆಲದಿಂದ ಮೇಲಕ್ಕೆ ಎತ್ತಿಡುವುದು ಗಾಡಿಯಿಂದ ಇಳಿಸಿದ ಆಳುಗಳ ಕೆಲಸವಾಯಿತು. ಗಾಡಿಯ ಕಲ್ಲಿನ ಮೇಲೆ ಸಾಮಾನು ಇಡುವುದು ಗಾಡಿ ಕೆಲಸವೇ ಎಂದು ಗಂಗಾಂಬಿಕೆ ಅವರಿಗೆ ತಿಳಿಸಿ ಹೇಳಿದ್ದಳು.

ವೀರೇಶ ಕಲ್ಲು ಕೇಳಿಕೊಂಡು ಹಿತ್ತಿಲಿಗೆ ಬಂದದ್ದು ಮಳೆ ಶುರುವಾಗುವ ಹೊತ್ತಿಗೆ.

"ಯಾರೇ ಇದನ್ನ ಸಿಮೆಂಟ್ ಹಾಕಿ ಕೂರ್ಸಿದ್ದು?"

"ನೀವೇ ಹೇಳಿದ್ರಲ್ಲ, ಹಾಳಾಗ್ಬಾರ್ದು ಅಂತ."

"ಈಗ ಖಾಲಿ ಗಾಡಿಗೆ ಎಂತ ಹಾಕದು?"

"ಕೀಳ್ಸಣ ಬಿಡಿ" ಎಂದಳು ಗಂಗಾಂಬಿಕೆ, ಹಂಡೆ ತಿರುಗಿಸುತ್ತ. "ಈ ಮಳೆ ಒಂದು ಮುಗೀಲಿ."

ವೀರೇಶನಿಗೆ ಆ ಮಾತನ್ನು ಎಲ್ಲೋ ಕೇಳಿದ ಹಾಗನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಮರುದಿನ ಕೊಪ್ಪಕ್ಕೆ ಹೋಗಿ, ಎರಡೂ ಕಡೆಯಿಂದ ಒಂದೊಂದು ಪ್ಲೇಟು ತೆಗೆಸಿಕೊಂಡು ಬಂದ. ಗಾಡಿ ಮೆತ್ತಗೆ ಓಡಿತು. ಹೋಟೆಲಿನಲ್ಲಿ ಕೇಳಿದವರಿಗೆ, "ಮಳೆಗಾಲಕ್ಕೆ ಸೆಟ್ಟಿಂಗ್ ಬೇರೆ" ಎಂದ.

ಆಯುಧಪೂಜೆಯ ದಿನ ಅವನು ಪಿಕಪ್ಪಿಗೆ, ಜನರೇಟರಿಗೆ ಹೂ ಏರಿಸಿ ಊದುಬತ್ತಿ ಬೆಳಗಿದ. ಕಲ್ಲೂ ಗಾಡಿಯದ್ದೇ ಎಂದು ಹಿತ್ತಿಲಿಗೆ ಬಂದು ಅದಕ್ಕೂ ವಿಭೂತಿ ಹಚ್ಚಿದ. ಗಂಗಾಂಬಿಕೆ ಪೂಜೆ ಮುಗಿಯುವವರೆಗೆ ಕಾದಳು. ಆಮೇಲೆ ಹೂ ಪಕ್ಕಕ್ಕೆ ಸರಿಸಿ, ಎಂಜಲು ಸೌಟುಗಳ ರಾಶಿ ಇಟ್ಟು, ತೆಂಗಿನ ನಾರನ್ನು ಅವನ ಕೈಗೆ ಕೊಟ್ಟಳು.

"ಎತ್ತರ ಸರಿ ಉಂಟಾ ನೋಡಿ."

ವೀರೇಶ ಒಂದು ಸೌಟು ತೊಳೆದ. ತೊಳೆದು, ಸೊಂಟ ಹಿಡಿದುಕೊಂಡು ಒಳಗೆ ಹೋದ.

"ಗ್ಯಾಸ್ ಇರ್ಬೇಕು" ಎಂದಳು ಗಿರಿಯಮ್ಮ.