ಆರಾಮ ಅದೀನ್ರಿ

ಮೊಣಕಾಲಿನ ಕೀಲು ಬದಲಿಸಿಕೊಂಡು ಮನೆಗೆ ಹೊರಡುವ ದಿನ ಡಾಕ್ಟರು ಬಂದು, "ಅಮ್ಮಾ, ಆರಾಮ್ ಹೈ?" ಎಂದು ಹಿಂದಿಯಲ್ಲಿ ನೋವಿನ ಬಗ್ಗೆ ಕೇಳಿದರು. ನಾನು ಕಲಬುರಗಿ ಕಡೆಯವಳು. ಮನೆ ಹತ್ತಿ ಉರಿಯುತ್ತಿದ್ದರೂ ಆ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ. "ಆರಾಮ ಅದೀನ್ರಿ," ಅಂದುಬಿಟ್ಟೆ. ಅವರು ಖುಷಿಯಾಗಿ, ನೋವಿನ ಜೋರು ಮಾತ್ರೆ ಇನ್ನು ಬೇಡವೆಂದು ಸಾದಾ ಮಾತ್ರೆ ಬರೆದುಕೊಟ್ಟರು.

ಬೇಗಂಪೇಟೆಯ ನಮ್ಮ ಮನೆಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಮುಖ ಹೂವು, ಕೈ ಇಕ್ಕಳ. ಕುರ್ಚಿಯಲ್ಲಿ ಕೂರುವಷ್ಟಾದರೂ ಕಾಲು ಮಡಚಬೇಕು. ಇಲ್ಲದಿದ್ದರೆ ಮತ್ತೆ ಆಸ್ಪತ್ರೆಗೆ ಒಯ್ದು, ಮಂಪರಿನ ಮದ್ದು ಕೊಟ್ಟು, ಡಾಕ್ಟರೇ ಒತ್ತಿ ಮಡಚುತ್ತಾರಂತೆ. ಅದನ್ನು ಕೇಳಿದಾಗಿನಿಂದ ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ಅವಳು ಮುಟ್ಟಿದರೆ ಸಾಕು, ನೋವಿಗೆ ಕಾಲು ಸೆಟೆದುಕೊಳ್ಳುತ್ತಿತ್ತು.

"ನೋವು ಹತ್ತರಲ್ಲಿ ಎಷ್ಟು?" ಎಂದು ಹಿಂದಿಯಲ್ಲಿ ಕೇಳುವಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು ಹಾಜರು. ರಕ್ಷಣಾ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ತಪಾಸಿಸಿ ನಿವೃತ್ತರಾದವರು. ಅಳತೆಯೆಂದರೆ ಇಂದಿಗೂ ತಮ್ಮದೇ ಇಲಾಖೆ ಎಂದು ನಂಬಿದ್ದಾರೆ. "ತೀನ್," ಎನ್ನುತ್ತಿದ್ದರು. ನನ್ನ ಮೊಣಕಾಲಿಗೆ ಯಾವ ಮಾಪಕ ಹಚ್ಚಿದ್ದರೋ!

"ಮೂರ ಹೆಂಗರೀ?" ಎಂದು ಹಲ್ಲು ಕಡಿದೆ.

"ಎರಡ ಮಕ್ಕಳನ್ನ ಹಡದಾಕಿ ನೀ. ಇದೇನ ಮಹಾ?" ಎಂದು ಮೀಸೆ ತಿರುವಿದರು, ಹಡೆಯುವಾಗ ತಾವೇ ಬೇನೆ ತಿಂದವರ ಹಾಗೆ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಹುಡುಗಿ ಕಾಲು ಹಿಡಿದಾಗ, "ಒಂದೀಟು ಕೈ ಕೊಡ್ರಿ, ಹೆದರಿಕಿ ಆಗಾಕತ್ತೈತಿ," ಎಂದು ಮೆತ್ತಗೆ ಕೇಳಿದೆ. ಪಾಪ, ಕೊಟ್ಟರು. ಅವಳು ಮಡಚಿದಷ್ಟೂ ನಾನು ಉಗುರು ಊರಿದೆ. ನನ್ನ ನೋವಿನಲ್ಲಿ ಚೂರೂ ಉಳಿಸಿಕೊಳ್ಳದೆ ಅವರ ತೋಳಿಗೆ ದಾಟಿಸಿದೆ.

"ದಸ್! ದಸ್!" ಎಂದು ಕಿರುಚಿದರು.

ಹುಡುಗಿ ಅದು ನನ್ನ ನೋವೆಂದೇ ತಿಳಿದು ಗಾಬರಿಯಾಗಿ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಜೋರು ಮಾತ್ರೆ ಮರಳಿ ಬಂತು. ವ್ಯಾಯಾಮಕ್ಕೆ ಮುಂಚೆ ಅದನ್ನು ನುಂಗುವುದು, ಮುಗಿದ ಮೇಲೆ ಐಸ್ ಇಡುವುದು. ನೋವು ಪೂರ್ತಿ ಹೋಗಲಿಲ್ಲ, ಆದರೆ ಕಾಲು ಮಾತು ಕೇಳತೊಡಗಿತು. ನಮ್ಮನೆಯವರ ಕೈಯನ್ನಂತೂ ನಾನು ಬಿಡಲಿಲ್ಲ, ದಿನಾ ಹಿಡಿದೆ. ಅವರೂ ಬೇಡವೆನ್ನಲಿಲ್ಲ.

ತಪಾಸಣೆಯ ದಿನ ಡಾಕ್ಟರು ಕಾಲು ಮಡಚಿ ನೋಡಿ, ಇನ್ನು ಮಂಪರಿನ ಮಾತೇ ಇಲ್ಲ ಎಂದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಹೇಳೋಣವೆಂದು ಪಕ್ಕಕ್ಕೆ ತಿರುಗಿದರೆ, ನಮ್ಮನೆಯವರು ಕಣ್ಣು ಬಿಗಿಯಾಗಿ ಮುಚ್ಚಿ, ಅಂಗಿಯ ತೋಳು ಮೇಲೇರಿಸಿ, ಕೈಯನ್ನು ನನ್ನತ್ತ ಚಾಚಿ ನಿಂತಿದ್ದರು.