ಬಿಳಿ ಎಲೆಯ ಡೇರೆ

ಹೊಸ ಪ್ಲಾಸ್ಟಿಕ್ ಶೀಟನ್ನು ಗಿರಾಕಿಗಳು ಮೊದಲು ಕಣ್ಣಿನಿಂದ ನೋಡುವುದಿಲ್ಲ, ಮೂಗಿನಿಂದ ನೋಡುತ್ತಾರೆ. ಹೊಸನಗರದ ನನ್ನ ಅಂಗಡಿಯಲ್ಲಿ ಇದು ದಿನನಿತ್ಯದ ನೋಟ. ಶೀಟಿನ ಮೂಲೆ ಎತ್ತಿ, ಕಣ್ಣು ಮುಚ್ಚಿ, ಕೇದಗೆ ಮೂಸಿದಂತೆ ಮೂಸಿ, "ಹೊಸ ಮಾಲು" ಎಂದು ತಲೆಯಾಡಿಸುತ್ತಾರೆ. ವಾಸನೆ ಜೋರಾದಷ್ಟೂ ಚೌಕಾಸಿ ಕಡಿಮೆ. ಕೋಣಂದೂರಿನ ಸಂತೆಯಲ್ಲಿ ಗೋಣಿ ಹಾಸಿ ಬಾಚಣಿಗೆ ಮಾರುತ್ತಿದ್ದ ನಾನು ಗಾಜಿನ ಕಪಾಟಿನ ಅಂಗಡಿಗೆ ಬಂದದ್ದು ಈ ವಾಸನೆಯ ಮೇಲೆ ಸವಾರಿ ಮಾಡಿಯೇ. ಹಾಗಾಗಿ ಅದನ್ನು ದೂರುವ ಮೊದಲು ಚೆನ್ನಾಗಿ ಯೋಚಿಸಿದ್ದೇನೆಂದು ನೀವು ನಂಬಬೇಕು.

ದೂರು ಹುಟ್ಟಿದ್ದು ನನ್ನ ಅಕ್ಕ ಗಿರಿಜಳ ಅಂಗಳದಲ್ಲಿ. ಅವಳನ್ನು ಕೊಟ್ಟ ಊರು ಈಗ ಹೊಳೆಬಾಗಿಲಿನ ಕಡವಿನ ಆಚೆ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಊರು ಬಿಡುವಾಗ ಗಂಡಸರು ಬಾಗಿಲು, ದಾರಂದ, ಹಂಡೆ ಎಂದು ಹೊತ್ತರೆ ಅಕ್ಕ ಸೆರಗಿನಲ್ಲಿ, ಪೇಟೆಯವರು ಡೇಲಿಯಾ ಎನ್ನುವ ಡೇರೆ ಹೂವಿನ ಗಡ್ಡೆ ಕಟ್ಟಿಕೊಂಡು ಬಂದಳು. ಕರಿಗೆಂಪು ಹೂ ಬಿಡುವ ಜಾತಿ. ವರ್ಷವರ್ಷವೂ ಕೊಳೆತು ಉಳಿದದ್ದು ಒಂದೇ ಗಡ್ಡೆ. ನಮ್ಮ ಕಡೆ ಮಳೆಗಾಲದ ಡೇರೆಯೆಂದರೆ ಹೆಂಗಸರ ಮರ್ಯಾದೆಯ ಪ್ರಶ್ನೆ. ಅಕ್ಕನಿಗೆ ಮಾತ್ರ ಅದು ಮುಳುಗಿದ ಊರಿನಿಂದ ಬಂದು ಇನ್ನೂ ಉಸಿರಾಡುತ್ತಿರುವ ಒಂದು ಜೀವ.

ಜಡಿಮಳೆಗೆ ಡೇರೆ ಕೊಳೆಯದಿರಲೆಂದು ಹುಲ್ಲಿನ ಮಾಡು ಕಟ್ಟುವುದು ವಾಡಿಕೆ. ಒಂದು ವರ್ಷ ಅಕ್ಕ ಆಧುನಿಕಳಾದಳು. ನನ್ನ ಅಂಗಡಿಯ ಅತ್ಯಂತ ಮೆತ್ತನೆಯ, ಅತ್ಯಂತ ಘಮಘಮಿಸುವ ಪಾರದರ್ಶಕ ಶೀಟನ್ನು ತಾನೇ ಆರಿಸಿ, ನಾಲ್ಕೂ ಕಡೆ ನೆಲದವರೆಗೆ ಇಳಿಬಿಟ್ಟು, ಗಿಡಕ್ಕೊಂದು ಬಂಗಲೆ ಕಟ್ಟಿಸಿದಳು.

ಮೊದಲ ಎಲೆಗಳು ಹಸಿರಾಗಿಯೇ ಇದ್ದವು. ಆಮೇಲಿನವು ತಿಳಿಹಳದಿ. ಅದರ ನಂತರದವು ತೊಳೆದ ಅಕ್ಕಿಯಂತೆ ಬಿಳಿ. ಗಿಡ ಗೇಣುದ್ದಕ್ಕೇ ನಿಂತುಬಿಟ್ಟಿತು. ಬೇರೆ ದೇಶದಲ್ಲಾಗಿದ್ದರೆ ಗಾಬರಿಯಾಗುತ್ತಿದ್ದರೇನೋ. ನಾವು ಹೆಣ್ಣು ನೋಡಲು ಹೋದರೂ ಕಣ್ಣು, ಮೂಗು, ಬುದ್ಧಿಯನ್ನೆಲ್ಲ ಬಿಟ್ಟು ಬಣ್ಣ ಎಷ್ಟು ಬಿಳಿ ಎಂದು ನೋಡುವ ಜನ. ತೀರ್ಥಹಳ್ಳಿಯಿಂದ ಬಂದಿದ್ದ ಅಕ್ಕನ ನಾದಿನಿ ಸುಮಿತ್ರ ಆ ಬಂಗಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತವಳು ಏಳಲಿಲ್ಲ.

"ಎಂತಾ ಬಣ್ಣ ಅತ್ಗೆ! ಎಲೆನೇ ಹಿಂಗಾದ್ರೆ ಹೂವು ಹ್ಯಾಂಗಿರ್ಬೋದು! ನಂಗೊಂದು ಗಡ್ಡೆ ಕೊಡ್ಲೇಬೇಕು."

"ಸಾಗರದೋರು ಮೊದ್ಲೇ ಹೇಳಿಟ್ಟಿದಾರೆ ಮಾರಾಯ್ತಿ. ನಿಂದು ಆಮೇಲೆ," ಎಂದಳು ಅಕ್ಕ, ಮೊದಲ ಮಗಳಿಗೆ ಡಾಕ್ಟರ ಸಂಬಂಧ ಬಂದವಳ ಗತ್ತಿನಲ್ಲಿ.

ಬೇಡಿಕೆ ಇರುವ ಮಾಲನ್ನು ಕೆಟ್ಟಿದೆ ಎನ್ನುವುದು ವ್ಯಾಪಾರಿಯ ಧರ್ಮವಲ್ಲ. ಆದರೆ ಬೆಳೆಯದೆ ಹೊಳೆಯುವ ಮಾಲು ಕಂಡರೆ ನನಗೆ ಅನುಮಾನ. ಬಗ್ಗಿ ನೋಡಿದೆ. ಬೇಲಿಯ ಹೀರೇಬಳ್ಳಿಯ ಒಂದು ಕುಡಿ ಶೀಟಿನ ಒಳಗೆ ನುಗ್ಗಿತ್ತು. ಹೊರಗಿನ ಬಳ್ಳಿ ಹಸಿರು, ಒಳಗಿನ ಕುಡಿ ಬಿಳಿ. ಬೇರು ಒಂದೇ, ಮಳೆ ಒಂದೇ, ಗೊಬ್ಬರ ಒಂದೇ. ಶೀಟು ಎತ್ತಿದೆ, ಮುಖಕ್ಕೆ ಹೊಡೆದದ್ದು ನನ್ನ ಅಂಗಡಿಯ ವಾಸನೆ.

ಬಕೆಟ್ಟು ಕೊಳ್ಳಲು ಬಂದ ಸಸ್ಯಶಾಸ್ತ್ರದ ಮೇಷ್ಟರೊಬ್ಬರಿಗೆ ಬೆಲೆ ಸ್ವಲ್ಪ ಇಳಿಸಿ, ಬದಲಿಗೆ ಒಂದು ಪಾಠ ಹೇಳಿಸಿಕೊಂಡೆ. ಎಲೆಯ ಹಸಿರೇ ಗಿಡದ ಒಲೆ. ಬಿಸಿಲು ಉರಿ, ಗಾಳಿ ನೀರು ದಿನಸಿ. ಹಸಿರಿಲ್ಲದ ಎಲೆಯಲ್ಲಿ ಅಡುಗೆಯಾಗುವುದಿಲ್ಲ. ಪ್ಲಾಸ್ಟಿಕ್ಕು ಮೆತ್ತಗಾಗಲೆಂದು ಅದಕ್ಕೆ ಎಂಥದೋ ಎಣ್ಣೆ ಬೆರೆಸುತ್ತಾರಂತೆ. ಅಂಥ ಕೆಲವು ಎಣ್ಣೆಗಳು ಮೆಲ್ಲಗೆ ಆವಿಯಾಗಿ, ಮುಚ್ಚಿದ ಜಾಗದಲ್ಲಿ ಚಿಗುರಿಗೆ ಹಸಿರು ಕಟ್ಟಲು ಬಿಡುವುದಿಲ್ಲವಂತೆ. ಎರಡು ಮಳೆಗಾಲ ಕಳೆದರೆ ಶೀಟು ಹಪ್ಪಳದಂತಾಗುತ್ತದೆಂದು ಗಿರಾಕಿಗಳು ನನ್ನೊಡನೆ ಜಗಳವಾಡಿದ್ದುಂಟು. ಅದರ ಮೆದುತನ ಎಲ್ಲಿಗೆ ಹೋಯಿತೆಂದು ಮಾತ್ರ ಒಬ್ಬರೂ ಕೇಳಿದ್ದಿಲ್ಲ.

ಅಕ್ಕನಿಗೆ ಹೇಳಿದರೆ ನಕ್ಕಳು. "ನಿನ್ ಅಂಗ್ಡಿ ಮಾಲಿಗೆ ನೀನೇ ಕೆಟ್ಟ ಹೆಸ್ರಿಡ್ತೀಯಲಾ ತಮ್ಮಾ!"

"ಬೆಳ್ಳಗಿದೆ ಅಂತ ಕುಣೀಬೇಡ ಅಕ್ಕ. ಅದು ಉಪವಾಸ ಬಿದ್ದಿದೆ. ಗಡ್ಡೇಲಿ ಇದ್ದದ್ದನ್ನ ತಿಂದು ಮುಗ್ಸಿದ್ರೆ, ನಿಮ್ಮೂರು ಎರಡ್ನೇ ಸಲ ಮುಳುಗ್ತದೆ ನೋಡು."

ಅಕ್ಕ ಒಳಗಿನಿಂದ ಕತ್ತಿ ತಂದು ಶೀಟಿನ ಹಗ್ಗ ಕೊಯ್ದಳು. ಹುಲ್ಲಿನ ಮಾಡು ಮತ್ತೆ ಬಂತು. ಬಿಳಿ ಎಲೆಗಳು ಉದುರಿ ಬರೀ ಕಡ್ಡಿ ಉಳಿಯಿತು. ಅದನ್ನು ನೋಡಲು ಸಾಗರದಿಂದಲೂ ಯಾರೂ ಬರಲಿಲ್ಲ. ಕೊನೆಗೊಮ್ಮೆ ಬುಡದಲ್ಲಿ ಹಸಿರು ಮೊಳಕೆ ಕಣ್ಣು ಬಿಟ್ಟಿತು. ಮಳೆ ಹಿಂದಾಗುವ ಹೊತ್ತಿಗೆ ಒಂದು ಹೂ, ಅಡಿಕೆಬಟ್ಟಲಿನಷ್ಟು ಚಿಕ್ಕದು, ಕರಿಗೆಂಪು. ಸುಮಿತ್ರ ನೋಡಿ, "ಅಯ್ಯೋ, ಮಾಮೂಲಿ ಗಿಡನೇ" ಎಂದು ಎದ್ದಳು. ಅಕ್ಕ ಅವಳಿಗೆ ಕಾಫಿ ಕೊಡುವುದನ್ನೂ ಮರೆತು ಹೂವಿನ ಮುಂದೆ ನಿಂತಿದ್ದಳು.

ಆದ್ದರಿಂದ ನೀವು ಕೇಳದಿದ್ದರೂ ನನ್ನ ಸಲಹೆ: ಶೀಟು ಕೊಳ್ಳಿ, ನನ್ನಲ್ಲೇ ಕೊಳ್ಳಿ. ಸೌದೆಗೆ ಹೊದಿಸಿ, ಸೈಕಲ್ಲಿಗೆ ಹೊದಿಸಿ, ಸೋರುವ ಕಚೇರಿಯ ಕಡತಗಳಿಗೆ ಹೊದಿಸಿ. ಅವುಗಳ ಬೆಳವಣಿಗೆ ಕುಂಠಿತವಾದರೆ ತಾಲ್ಲೂಕಿಗೇ ಕ್ಷೇಮ. ಜೀವ ಇರುವುದನ್ನು ಮಾತ್ರ ಅದರೊಳಗೆ ಕೂಡಿಹಾಕಬೇಡಿ.

ಮೊನ್ನೆ ಒಬ್ಬ ಹೆಂಗಸಿಗೆ ಇದನ್ನೇ ಉಪದೇಶಿಸುತ್ತಿದ್ದೆ. ತಾಳ್ಮೆಯಿಂದ ಎಲ್ಲವನ್ನೂ ಕೇಳಿ ಆಕೆ, "ಗಿಡಕ್ಕಲ್ಲ ಅಣ್ಣ, ತೊಟ್ಲಿಗೆ. ಮಗೂ ಕೆಳಗೆ ಹಾಸಕ್ಕೆ. ಅಡ್ಡಿಲ್ವಾ?" ಎಂದಳು. ಚೌಕಾಸಿಯಲ್ಲಿ ಯಾರಿಗೂ ಸೋಲದ ನಾನು, ತೊಟ್ಟಿಲಲ್ಲಿದ್ದ ಆ ಗಿರಾಕಿಯ ಪರವಾಗಿ ನನ್ನೊಡನೆ ನಾನೇ ಒಂದು ಗಳಿಗೆ ಚೌಕಾಸಿ ಮಾಡಿ, ವ್ಯಾಪಾರಿಯಾಗಿ ಸೋತು, ಎದುರಿನ ಬಟ್ಟೆ ಅಂಗಡಿಯ ಕಡೆ ಕೈ ತೋರಿಸಿದೆ.